ಕಿವಿಗೆ ಶಿಲುಬೆಯ ಗುರುತಿಲ್ಲ

ಪುತ್ತೂರಿನ ಮಾಯ್ ದೇ ದೇವುಸ್ ಚರ್ಚಿನಲ್ಲಿ ಶುಭಸಂದೇಶದ ವಾಚನಕ್ಕೆ ಮುನ್ನ ನೆರೆದವರೆಲ್ಲರೂ ಎದ್ದು ನಿಂತು, ಹೆಬ್ಬೆರಳಿನಿಂದ ಹಣೆಯ ಮೇಲೊಮ್ಮೆ, ತುಟಿಯ ಮೇಲೊಮ್ಮೆ, ಎದೆಯ ಮೇಲೊಮ್ಮೆ ಶಿಲುಬೆಯ ಗುರುತನ್ನು ಎಳೆದುಕೊಳ್ಳುವುದನ್ನು ಕಂಡಾಗ, ಕ್ರೈಸ್ತನಲ್ಲದ ನನಗೆ ಹೊಳೆದ ಮೊದಲ ಪ್ರಶ್ನೆಯು ಬಾಲಿಶವಾದುದೆಂದೇ ಹೇಳಬೇಕು: ಕೇಳತಕ್ಕ ಅಂಗವಾದ ಕಿವಿಗೇಕೆ ಗುರುತಿಲ್ಲ? ವಾಚನ ಮಾಡುವ ಗುರುವಾದರೋ ಪೀಠದ ಮುಂದೆ ಬಾಗಿ, ತನ್ನ ಹೃದಯವೂ ತುಟಿಯೂ ಶುದ್ಧವಾಗಲೆಂದು ಮೆಲುದನಿಯಲ್ಲಿ ಬೇಡಿಕೊಳ್ಳುತ್ತಾನೆ. ಅಲ್ಲಿಯೂ ಕಿವಿಯ ಪ್ರಸ್ತಾಪವಿಲ್ಲ. ಶ್ರವಣವನ್ನು ನವವಿಧಭಕ್ತಿಯಲ್ಲಿ ಪ್ರಥಮವೆಂದು ಎಣಿಸಿದ ನಾಡಿನವರಾದ ನಮಗೆ ಇದು ಕೊಂಚ ವಿಚಿತ್ರವೇ. ಬಹುಶಃ ಕಿವಿಯು ಹೊಸ್ತಿಲು ಮಾತ್ರವೆಂದೂ, ಬಂದ ಮಾತಿಗೆ ಮಣೆ ಹಾಕತಕ್ಕ ಸ್ಥಳ ಬೇರೆಯೆಂದೂ ಈ ವಿಧಿಯನ್ನು ರಚಿಸಿದವರು ಭಾವಿಸಿದ್ದಿರಬಹುದು.

ಪುತ್ತೂರು, ಕಡಬ, ಸುಳ್ಯವೆಂಬ ನಮ್ಮ ಮೂರು ತಾಲೂಕುಗಳಲ್ಲಿ ಈ ಹೊಸ್ತಿಲನ್ನು ದಾಟಿ ಬರುವ ಭಾಷೆಗಳು ಒಂದೆರಡಲ್ಲ. ಪುತ್ತೂರಿನ ಕಥೋಲಿಕರಿಗೆ ಅದು ಕೊಂಕಣಿ. ತಿರುವಾಂಕೂರಿನ ಕಡೆಯಿಂದ ಬಂದು ಕಡಬ, ನೆಲ್ಯಾಡಿಗಳ ಗುಡ್ಡಗಳಲ್ಲಿ ರಬ್ಬರು ಬೆಳೆದ ಸಿರಿಯನ್ ಕ್ರೈಸ್ತರಿಗೆ ಮಲಯಾಳ. ಅವರಲ್ಲಿ ಮಲಂಕರ ಕಥೋಲಿಕರಿಗೆ 2010ರಿಂದ ಪುತ್ತೂರಿನ ಹೆಸರಿನಲ್ಲಿಯೇ ಒಂದು ಧರ್ಮಪ್ರಾಂತ್ಯವುಂಟು. 1964ರ ಭಾರತ-ಸಿಂಹಳ ಒಪ್ಪಂದದ ತರುವಾಯ ಸಿಂಹಳದಿಂದ ಮರಳಿ ಸುಳ್ಯದ ಸರಕಾರೀ ರಬ್ಬರು ತೋಟಗಳಲ್ಲಿ ನೆಲೆನಿಂತವರ ಪೈಕಿ ಕ್ರೈಸ್ತರಾದವರಿಗೆ ತಮಿಳು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಪರಂಪರೆಯವರಿಗೆ ಕನ್ನಡ ಮತ್ತು ತುಳು. 1847ರಷ್ಟು ಹಿಂದೆಯೇ ಹೊಸ ಒಡಂಬಡಿಕೆಯು ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾದುದು ಆ ಪರಂಪರೆಯವರ ದುಡಿಮೆಯಿಂದ. ಭಾಷೆ ಯಾವುದಾದರೂ ವಾಚನದ ಹತ್ತಿರಕ್ಕೆ ಬಂದಾಗ ಎಲ್ಲರ ಬೇಡಿಕೆಯೂ ಒಂದೇ: ವಾಕ್ಯವನ್ನು ತಕ್ಕಂತೆ ಕೇಳುವಂತಾಗಲಿ. ಮಲಂಕರ ವಿಧಿಯಲ್ಲಿ ಸೇವಕನು, ಮೌನದಿಂದಲೂ ಭಯಭಕ್ತಿಯಿಂದಲೂ ಜೀವವಾಕ್ಯಗಳಿಗೆ ಕಿವಿಗೊಡಬೇಕೆಂದು ಸಭೆಯನ್ನು ಎಚ್ಚರಿಸುತ್ತಾನೆ. ಪ್ರಾಟೆಸ್ಟೆಂಟರಲ್ಲಿ 16ನೆಯ ಶತಮಾನದ ಕಾಲ್ವಿನನಿಂದ ಮೊದಲ್ಗೊಂಡು, ಉಪದೇಶಕ್ಕೆ ಮುನ್ನ ಪವಿತ್ರಾತ್ಮನ ಬೆಳಕನ್ನು ಬೇಡುವ ಸಂಪ್ರದಾಯವುಂಟು.

ಈ ಬೇಡಿಕೆಯು ನಾವೆಣಿಸುವಷ್ಟು ಸೌಮ್ಯವಾದುದಲ್ಲ. ಸತ್ಯವೇದದ ಸಮುವೇಲನ ಕಥೆಯನ್ನೇ ನೋಡಿರಿ. ಇರುಳಿನಲ್ಲಿ ಯಾರೋ ಹೆಸರು ಹಿಡಿದು ಕರೆದಂತಾಗಿ ಮೂರು ಬಾರಿ ಎದ್ದು ಬಂದ ಹುಡುಗನಿಗೆ, ಕರೆಯುತ್ತಿರುವವನು ದೇವರೆಂದು ತಿಳಿದು ಉತ್ತರ ಹೇಳುವ ಬಗೆಯನ್ನು ಕಲಿಸಿದವನು, ಕಣ್ಣು ಮಂಜಾದ ಮುದಿಯಾಜಕನಾದ ಏಲಿ. ಹುಡುಗನು ಹಾಗೆಯೇ ಉತ್ತರವಿತ್ತು ಕೇಳಿದ ಮಾತಾದರೋ ಆ ಏಲಿಯ ಮನೆತನಕ್ಕೆ ಒದಗಲಿದ್ದ ದಂಡನೆಯ ಮಾತು. ಬೆಳಗಾದ ಮೇಲೆ ಅದನ್ನು ಹೇಳಲು ಹುಡುಗನು ಹೆದರಿದನು. ಏಲಿಯು ಬಿಡದೆ ಹೇಳಿಸಿ, ಕೇಳಿ, ಒಪ್ಪಿಕೊಂಡನು. ಕೇಳುವುದನ್ನು ಕಲಿಸಿದವನು ತನಗೆ ಪ್ರತಿಕೂಲವಾದುದನ್ನೂ ಕೇಳಬೇಕಾಯಿತೆಂಬ ಈ ಅಂಶವು ನನಗೆ ಇಡೀ ಕಥೆಯಲ್ಲಿ ಅತ್ಯಂತ ಗಂಭೀರವಾಗಿ ತೋರಿದೆ.

ಇಷ್ಟು ಗುರುತರವಾದುದನ್ನು ಬೇಡಿಕೊಂಡ ಮರುಕ್ಷಣದಲ್ಲಿ ನಡೆಯುವುದೇನು? ಮದುವೆ, ಮರಣಗಳ ನಿಮಿತ್ತ ನಾನು ಹೋದ ಕೆಲವು ಚರ್ಚುಗಳಲ್ಲಿ, ಆಗತಾನೆ ಪುಸ್ತಕವನ್ನು ಕೈಗೆತ್ತಿಕೊಂಡಂತೆ ತೋರುತ್ತಿದ್ದ ತರುಣರು ಪ್ರವಾದಿಗಳ ಹೆಸರುಗಳಲ್ಲಿ ಎಡವುತ್ತ, ಬಸ್ಸು ತಪ್ಪೀತೆಂಬ ಆತುರದಲ್ಲಿ ಓದಿ ಮುಗಿಸಿದರು. ಕೊನೆಯ ಅಕ್ಷರವು ಧ್ವನಿವರ್ಧಕದಿಂದ ಹೊರಬೀಳುವ ಮೊದಲೇ ಕೀಬೋರ್ಡು ಮೊಳಗಿತು. ಹಾಗೆಂದು ಶಾಸ್ತ್ರವು ಇದಕ್ಕೆ ಅವಕಾಶವಿತ್ತಿದೆಯೆನ್ನುವಂತಿಲ್ಲ. ಕಥೋಲಿಕ ಪೂಜಾವಿಧಿಯ ನಿಯಮಗಳೇ ಮೊದಲ ಹಾಗೂ ಎರಡನೆಯ ವಾಚನಗಳ ಬಳಿಕ, ಉಪದೇಶದ ಬಳಿಕ, ಕಿಂಚಿತ್ ಮೌನವಿರುವುದು ಉಚಿತವೆಂದು ಸೂಚಿಸಿವೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದುದೂ, 1969ರಲ್ಲಿ ಭಾನುವಾರದ ಪಾಠಗಳು ಮೂರು ವರ್ಷಗಳ ಆವರ್ತನವಾಗಿ ವಿಸ್ತರಿಸಿದುದೂ, ಜನರು ವಾಕ್ಯವನ್ನು ಹೆಚ್ಚಾಗಿಯೂ ಅರ್ಥವಾಗುವಂತೆಯೂ ಕೇಳಲೆಂದೇ ಹೊರತು ಗಡಿಯಾರವನ್ನು ಓಡಿಸುವುದಕ್ಕಲ್ಲ.

ಅವಸರದ ಓದಿಗೆ ಇಲ್ಲಿಯವರ ಕಿವಿಯನ್ನು ದೂರುವಂತಿಲ್ಲ. ತಾಳಮದ್ದಳೆಯ ಅರ್ಥಧಾರಿಯೊಬ್ಬನು ಪೀಠಿಕೆಯೊಂದಕ್ಕೇ ಅರ್ಧ ಗಂಟೆ ತೆಗೆದುಕೊಂಡರೂ ಮಿಸುಕದೆ ಕೂತು, ಒಂದು ಶಬ್ದ ತಪ್ಪಿದರೆ ಮರುದಿನ ಅಂಗಡಿಯ ಜಗಲಿಯಲ್ಲಿ ಅದನ್ನೇ ಚರ್ಚಿಸುವವರ ಸೀಮೆಯಿದು. ಕೋಲದ ಅಂಗಳದಲ್ಲಿ ದೈವದ ನುಡಿಗೆ ಕೈಮುಗಿದು ನಿಂತು ಕಾಯುವವರ ಸೀಮೆಯೂ ಹೌದು. ಆದುದರಿಂದ, ಹೊರಗಿನವನ ಅಧಿಕಪ್ರಸಂಗವೆಂದು ಯಾರಾದರೂ ಮುನಿದರೆ ಮುನಿಯಲಿ, ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ವಾಕ್ಯವನ್ನು ಓದತಕ್ಕವರು ಶನಿವಾರ ರಾತ್ರಿಯೇ ಅದನ್ನು ಮನೆಯವರ ಮುಂದೆ ಎರಡು ಬಾರಿ ಗಟ್ಟಿಯಾಗಿ ಓದಿರಲಿ. ಕಿವಿಯನ್ನು ತೆರೆಯೆಂದು ದೇವರನ್ನು ಪ್ರಾರ್ಥಿಸಿದ ಸಭೆಯು ಓದು ಮುಗಿದ ಮೇಲೆ, ಅಡಕೆಯ ಹೋಳೊಂದನ್ನು ಅಗಿದು ನುಂಗುವಷ್ಟು ಹೊತ್ತಾದರೂ ಸುಮ್ಮನೆ ಕೂತಿರಲಿ. ಅಷ್ಟು ಹೊತ್ತು ಕೀಬೋರ್ಡಿನವನು ತನ್ನ ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡಿದ್ದರೆ ಸಾಕು.