ಮನ್ಸೂರರ ಹೆಸರಿನಲ್ಲಿ ಒಂದು ಸುಳ್ಳು

ಕನ್ನಡದಲ್ಲಿ ಸಂಗೀತದ ನೆನಪುಗಳನ್ನು ಬರೆಯುವವರ ಮನೆಯಲ್ಲಿ ಯಾವಾಗಲೂ ಬೆಳಗಾಗಿರುತ್ತದೆ. ರೇಡಿಯೋದಲ್ಲಿ ಭಕ್ತಿಗೀತೆ ಬರುತ್ತಿರುತ್ತದೆ, ಅಜ್ಜ ಪೂಜೆಗೆ ಹೂ ಬಿಡಿಸುತ್ತಿರುತ್ತಾರೆ, ಒಳಗಿನಿಂದ ಕಾಫಿಯ ಪರಿಮಳ. ಬರೆಯುವವರು ಆಗ ಏಳೆಂಟು ವರ್ಷದ ಹುಡುಗ. ರಾಗದ ಹೆಸರು ಗೊತ್ತಿಲ್ಲದಿದ್ದರೂ ಅವನ ಕಣ್ಣು ತುಂಬಿ ಬರುತ್ತದೆ. ಇಂಥ ಪ್ರಬಂಧಗಳನ್ನು ನಾನು ಎಷ್ಟು ಓದಿದ್ದೇನೆಂದರೆ, ನನ್ನದಲ್ಲದ ಆ ಅಜ್ಜನ ಮುಖವೂ ನನಗೆ ಪರಿಚಯವಾಗಿಬಿಟ್ಟಿದೆ. ಅವು ಸುಳ್ಳೆಂದು ನಾನು ಹೇಳುತ್ತಿಲ್ಲ, ಅವರ ಮನೆಯಲ್ಲಿ ಹಾಗೇ ಬೆಳಗಾಗಿರಬಹುದು. ಆದರೆ ಆ ಬೆಳಗು ಇಲ್ಲದವರೂ ಬರೆಯಲು ಕೂತಾಗ ಅದನ್ನೇ ಕಡ ತರುತ್ತಾರಲ್ಲ, ನನ್ನ ತಕರಾರು ಇರುವುದು ಅದರ ಮೇಲೆ. ಈ ತಕರಾರನ್ನು ನಾನು ನನ್ನಿಂದಲೇ ಶುರುಮಾಡಬೇಕು.

ಪಿಎಚ್‌.ಡಿ. ಪ್ರವೇಶದ ಸಂದರ್ಶನದಲ್ಲಿ, ಎಲ್ಲ ಕಠಿಣ ಪ್ರಶ್ನೆಗಳೂ ಮುಗಿದ ಮೇಲೆ, ಸಮಿತಿಯ ಹಿರಿಯರೊಬ್ಬರು ನನ್ನನ್ನು ಸಮಾಧಾನಪಡಿಸುವಂತೆ ಕೇಳಿದರು: 'ಹಾವೇರಿ ಜಿಲ್ಲೆಯವರು ಅಂತೀರಿ, ಹಾಡು ಕೇಳ್ತೀರೇನಮ್ಮ? ಯಾರನ್ನ ಕೇಳ್ತೀರಿ?' ನಾನು ಕ್ಷಣವೂ ತಡಮಾಡದೆ 'ಮಲ್ಲಿಕಾರ್ಜುನ ಮನ್ಸೂರರನ್ನ ಸರ್' ಎಂದೆ. ಅಲ್ಲಿಯವರೆಗೆ ನಾನು ಮನ್ಸೂರರ ಒಂದು ರಾಗವನ್ನೂ ಪೂರ್ತಿ ಕೇಳಿದವಳಲ್ಲ. ಯಾವ ರಾಗ ಇಷ್ಟ ಎಂದು ಅವರು ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಪುಣ್ಯಕ್ಕೆ ಅವರೇ ತಾವು ಧಾರವಾಡದಲ್ಲಿ ಕೇಳಿದ ಕಛೇರಿಯೊಂದರ ಕಥೆ ಶುರುಮಾಡಿದರು. ಉಳಿದವರು ತಲೆದೂಗಿದರು, ನಾನೂ ದೂಗಿದೆ. ಸೀಟು ಸಿಕ್ಕಿತು. ಸುಳ್ಳಿನಿಂದ ಸಿಕ್ಕಿತೆಂದಲ್ಲ, ಆದರೆ ಕೋಣೆಯಿಂದ ಹೊರಗೆ ಬಂದಾಗ ಬಾಯಿ ಒಣಗಿತ್ತು. ಆ ಕ್ಷಣದಲ್ಲಿ ನಾನು ಯಾರನ್ನು ಅಲ್ಲಗಳೆದಿದ್ದೆ ಎಂಬುದು ನನಗೆ ಗೊತ್ತಿತ್ತು.

ಮೊದಲನೆಯವರು ನಮ್ಮಪ್ಪ. ಅಪ್ಪ ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಸೀಸನ್ನಿನಲ್ಲಿ ಊರೂರಿನಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೊಡೆಯುವುದು ಅವನ ಕೆಲಸ. ಟೆಂಪೋದಲ್ಲಿ ಒಂದು ಟೇಪ್‌ರೆಕಾರ್ಡರ್ ಇತ್ತು, ಅದರ ಮುಚ್ಚಳ ಮುರಿದು ರಬ್ಬರ್‌ಬ್ಯಾಂಡ್ ಹಾಕಿದ್ದರು. ಸೀಟಿನ ಹಿಂದೆ ಕ್ಯಾಸೆಟ್ಟುಗಳ ರಟ್ಟಿನ ಡಬ್ಬಿ. ಗೀಗೀ ಪದ, ಡೊಳ್ಳಿನ ಪದ, ಭಜನಾ ಪದ, ಸಿನಿಮಾ ಹಾಡು, ನಾಟಕದ ಹಾಡು ಎಲ್ಲ ಒಂದರ ಮೇಲೊಂದು, ಎಲ್ಲದರ ಮೇಲೂ ಕೆಂಪು ಧೂಳು. ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಹಾಡು ಕೇಳುವುದೆಂದರೆ ಏನೆಂದು ರಸಸಿದ್ಧಾಂತದವರು ಯಾರೂ ಬರೆದಿಲ್ಲ. ಅಕ್ಷರ ಕಲಿತ ಹೊಸದರಲ್ಲಿ ನಾನು ಓದಿದ್ದು ಆ ಕ್ಯಾಸೆಟ್ಟುಗಳ ಹೊದಿಕೆಯ ಕಾಗದವನ್ನು. ಸಂಗೀತ ಇಂಥವರದು, ಗಾಯನ ಇಂಥವರದು, ಸಾಹಿತ್ಯ ಇಂಥವರದು. 'ಸಾಹಿತ್ಯ' ಎಂಬ ಶಬ್ದವನ್ನು ನಾನು ಮೊದಲು ಕಂಡದ್ದು ಅಲ್ಲಿ, ಧೂಳು ಒರೆಸಿ. ಹಾಡಿನಲ್ಲಿ ಸಾಹಿತ್ಯವೆಂದರೆ ಬಾಯಿಗೆ ಬರುವ ಭಾಗ ಎಂದು ಆಗ ತಿಳಿದುಕೊಂಡಿದ್ದೆ. ಎಂ.ಎ.ದಲ್ಲಿ ಓದಿದ ಯಾವ ವ್ಯಾಖ್ಯಾನವೂ ಇದಕ್ಕಿಂತ ಬಹಳ ಮುಂದೆ ಹೋದಂತೆ ನನಗೆ ಕಾಣಲಿಲ್ಲ.

ಎರಡನೆಯವನು ನಮ್ಮಣ್ಣ. ಅವನ ಕಾಲಕ್ಕೆ ಕ್ಯಾಸೆಟ್ ಹೋಗಿ, ನಡುವೆ ನೂರೈವತ್ತು ಹಾಡಿನ ಎಂಪಿ3 ಸಿ.ಡಿ. ಬಂದು, ಅದೂ ಗೀರು ಬಿದ್ದು, ಮೆಮೊರಿ ಕಾರ್ಡ್ ಬಂದಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ 20 ರೂಪಾಯಿ ಕೊಟ್ಟರೆ 2 ಜಿ.ಬಿ. ಕಾರ್ಡು ತುಂಬ ಹಾಡು ಹಾಕಿ ಕೊಡುತ್ತಿದ್ದರು. ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಡಿಯವನ ಕಂಪ್ಯೂಟರಿನಲ್ಲಿ ಹಾಡುಗಳು ಅವನದೇ ವರ್ಗೀಕರಣದಲ್ಲಿ ಇರುತ್ತಿದ್ದವು: ರಾಜಣ್ಣ, ವಿಷ್ಣು, ಫೀಲಿಂಗ್, ಭಕ್ತಿ, ಜಾನಪದ, ಡಿಜೆ, ಹಿಂದಿ ಹಳೇದು. 'ಫೀಲಿಂಗ್' ಎಂಬುದನ್ನು ಒಂದು ಪ್ರಕಾರವಾಗಿ ಗುರುತಿಸಿದ ಆ ಮನುಷ್ಯನಿಗೆ ನಮ್ಮ ಕಾವ್ಯಮೀಮಾಂಸೆಯ ಪತ್ರಿಕೆಯೊಂದನ್ನು ಕಲಿಸಲು ಕೊಡಬಹುದಿತ್ತು.

ಹುಡುಗಿಯರು ಆ ಅಂಗಡಿಗೆ ಹೋಗಿ ನಿಲ್ಲುವಂತಿರಲಿಲ್ಲ. ನನಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಅಣ್ಣನ ಕೈಗೆ ಕೊಡುತ್ತಿದ್ದೆ. ಅವನು ಚೀಟಿಯನ್ನು ಅಂಗಿಯ ಜೇಬಿನಲ್ಲಿ ಮರೆತು, ತನಗೆ ಬೇಕಾದುದನ್ನು ತುಂಬಿಸಿಕೊಂಡು ಬರುತ್ತಿದ್ದ. ಅವ್ವ ಬಟ್ಟೆ ಒಗೆಯುವಾಗ ಆ ಚೀಟಿ ಮುದ್ದೆಯಾಗಿ ಸಿಗುತ್ತಿತ್ತು. ಹೀಗಾಗಿ ನನ್ನ ಅಭಿರುಚಿ ಎಂದು ಈಗ ಹೇಳಿಕೊಳ್ಳುವುದು ಬಹುಪಾಲು ನಮ್ಮಣ್ಣನ ಅಭಿರುಚಿ. ರಾತ್ರಿ ಊಟವಾದ ಮೇಲೆ ಇಯರ್‌ಫೋನಿನ ಒಂದು ಎಳೆ ಅವನ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ. ಸ್ಟೀರಿಯೋ ಹಾಡಿನ ಎಡಭಾಗವನ್ನಷ್ಟೇ ಕೇಳಿ ಬೆಳೆದವಳು ನಾನು. 'ಮುಂಗಾರು ಮಳೆ'ಯ ಹಾಡುಗಳಲ್ಲಿ ಬಲಗಡೆಯಿಂದ ಬರುವ ವಾದ್ಯಗಳಿವೆ ಎಂದು ಗೊತ್ತಾದದ್ದು ಹಾಸ್ಟೆಲ್ಲಿಗೆ ಬಂದ ಮೇಲೆ.

ಇದು ಮುದ್ದಾದ ನೆನಪು, ಇಲ್ಲಿಗೇ ನಿಲ್ಲಿಸಿದರೆ ಇದೂ ಆ ಬೆಳಗಿನ ಪ್ರಬಂಧಗಳ ಬಡ ತಂಗಿಯಾಗುತ್ತದೆ. ಉಳಿದುದನ್ನೂ ಹೇಳುತ್ತೇನೆ. ಆ ಕಾರ್ಡಿನ 'ಜಾನಪದ' ಫೋಲ್ಡರಿನಲ್ಲಿದ್ದ ಹಾಡುಗಳಲ್ಲಿ ಅರ್ಧಕ್ಕರ್ಧ ಹುಡುಗಿ ಕೈಕೊಟ್ಟ ಕಥೆ. ಕಾಲೇಜಿಗೆ ನಡೆದು ಹೋಗುವಾಗ ಎದುರಿಗೆ ಬಂದ ಟ್ರ್ಯಾಕ್ಟರಿನವನು ನಮ್ಮನ್ನು ಕಂಡೊಡನೆ ಅದೇ ಹಾಡಿನ ಸೌಂಡ್ ಏರಿಸುತ್ತಿದ್ದ. ನಾವು ತಲೆ ತಗ್ಗಿಸಿ ದಾಟುತ್ತಿದ್ದೆವು. ಸಂಜೆ ಮನೆಗೆ ಬಂದು ಪಾತ್ರೆ ತಿಕ್ಕುವಾಗ ನನ್ನ ಬಾಯಿಂದ ಬರುತ್ತಿದ್ದುದು ಅದೇ ಹಾಡಿನ ಧಾಟಿ. ಧಾಟಿ ಚೆಂದವಿತ್ತು, ಏನು ಮಾಡಲಿ? ನನ್ನನ್ನೇ ಬೈಯುವ ಹಾಡನ್ನು ನಾನು ಇಷ್ಟಪಟ್ಟು ಗುನುಗುತ್ತಿದ್ದೆ. ಹಾಡಿನ ಅಭಿಮಾನಿಯಾಗಿ ಬೆಳೆಯುವುದೆಂದರೆ ನನಗೆ ಈ ಇಕ್ಕಟ್ಟು. ನಮ್ಮ ಪ್ರಬಂಧಗಳಲ್ಲಿ ಇದಕ್ಕೆ ಜಾಗವಿಲ್ಲ, ಯಾಕೆಂದರೆ ಅಲ್ಲಿ ಸಂಗೀತ ಯಾವತ್ತೂ ಯಾರನ್ನೂ ಅವಮಾನಿಸುವುದಿಲ್ಲ.

ಅಭಿರುಚಿಯ ಮಾತು ಹೀಗೆ ನೆನಪಿನ ಬರಹದಲ್ಲಿ ಮಾತ್ರ ನಿಂತಿದ್ದರೆ ಇಷ್ಟು ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಅದು ನಮ್ಮ ವಿಭಾಗಗಳ ಕ್ಷೇತ್ರಕಾರ್ಯಕ್ಕೂ ಬರುತ್ತದೆ. ಎಂ.ಎ. ಎರಡನೇ ವರ್ಷ ಜಾನಪದ ಸಂಗ್ರಹಕ್ಕೆಂದು ನಮ್ಮ ಗುಂಪನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಕೈಯಲ್ಲಿ ನಮೂನೆ: ವಕ್ತೃವಿನ ಹೆಸರು, ವಯಸ್ಸು, ಕಸುಬು, ಹಾಡಿನ ಪ್ರಕಾರ. ಅಲ್ಲಿ ಒಬ್ಬ ಅಜ್ಜಿ ಬೀಸುವ ಪದ ನಾಲ್ಕು ಹೇಳಿ, ಹುರುಪು ಬಂದು, ಶಿಶುನಾಳ ಷರೀಫರ ಒಂದು ಪದ ಎತ್ತಿಕೊಂಡಳು. ಎರಡು ಸಾಲು ಆಗುವಷ್ಟರಲ್ಲಿ ನಮ್ಮ ಜೊತೆಗಿದ್ದ ಅಧ್ಯಾಪಕರು ಕೈ ಸನ್ನೆ ಮಾಡಿದರು. ನಾನು ರೆಕಾರ್ಡರ್ ಆರಿಸಿದೆ. 'ಅಜ್ಜಿ, ಇದು ಅಶ್ವತ್ಥರ ಕ್ಯಾಸೆಟ್ಟಿನದು. ಹಳೇದು ಯಾವುದಾದ್ರೂ ಹೇಳು' ಎಂದರು ಅವರು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು ಅಂದಳು: 'ಕ್ಯಾಸೆಟ್ಟಿಂದಾದ್ರ ಏನಾತ್ರಿ? ಬಾಯಿ ನಂದ ಐತಲ್ಲ.'

ನಾವು ನಕ್ಕೆವು. ಅಧ್ಯಾಪಕರೂ ನಕ್ಕರು, ಅವರು ಕೆಟ್ಟವರಲ್ಲ. ಆದರೆ ನಮೂನೆಯಲ್ಲಿ ಆ ಹಾಡು ಬರಲಿಲ್ಲ.

ಅವರ ಮಾತಿನಲ್ಲಿ ಏನು ತಪ್ಪಿತ್ತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಪದಗಳು ಬಾಯಿಂದ ಬಾಯಿಗೆ, ಭಜನಾ ಮೇಳದಿಂದ ಭಜನಾ ಮೇಳಕ್ಕೆ ದಾಟಿಬಂದವು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು, ಅದಕ್ಕೆ ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ಆ ಧಾಟಿಗಳು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋದವು. ಆಮೇಲೆ ರಘು ದೀಕ್ಷಿತ್ ಗಿಟಾರು ಹಿಡಿದು ಅದೇ ಪದಗಳನ್ನು ಹಾಡಿದರು. ಶಿಶುನಾಳದಿಂದ ಹೊರಟ ಪದ ಬೆಂಗಳೂರಿಗೆ ಹೋಗಿ, ಸ್ಟುಡಿಯೋ ಹೊಕ್ಕು, ಮತ್ತೆ ನಮ್ಮ ಜಿಲ್ಲೆಯ ಅಜ್ಜಿಯ ಬಾಯಿಗೆ ಬಂದಿದೆ. ಅಜ್ಜಿ ಅದಕ್ಕೆ ತನ್ನದೇ ಒಂದು ಎಳೆತ ಸೇರಿಸಿದ್ದಳು, ಅದು ನನ್ನ ಕಿವಿಯಲ್ಲಿ ಇನ್ನೂ ಇದೆ. ಇಷ್ಟು ದೂರ ನಡೆದು ಬಂದ ಹಾಡು ಬಾಗಿಲಲ್ಲಿ ನಿಂತಾಗ ನಾವು 'ನೀನು ಹಳೆಯದಲ್ಲ' ಎಂದು ಕದ ಹಾಕಿದೆವು. ಜಾನಪದ ಎಂದರೆ ಯಂತ್ರ ಮುಟ್ಟದ ಬಾಯಿ ಎಂದು ಯಾರು ಹೇಳಿದರು? 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದ ಹಲಸಂಗಿ ಗೆಳೆಯರು ತಮ್ಮ ಕಾಲದ ಹೆಂಗಸರ ಬಾಯಲ್ಲಿ ಇದ್ದ ಹಾಡನ್ನು ಬರೆದುಕೊಂಡವರು. ನಾವು ಅವರ ಪುಸ್ತಕವನ್ನು ಪೂಜಿಸುತ್ತೇವೆ, ಅವರು ಮಾಡಿದ ಕೆಲಸವನ್ನು ಮಾಡುವುದಿಲ್ಲ. ಜಾತ್ರೆಯಲ್ಲಿ ಅಜ್ಜಿಯನ್ನು ಹುಡುಕಿಕೊಂಡು ಹೋಗುವ ನಾವು ದಾರಿಯಲ್ಲಿದ್ದ ಕ್ಯಾಸೆಟ್ ಅಂಗಡಿಯನ್ನು ಇಪ್ಪತ್ತು ಮೂವತ್ತು ವರ್ಷ ದಾಟಿಕೊಂಡೇ ಹೋದೆವು. ಈಗ ಅಂಗಡಿ ಇಲ್ಲ. ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಇರುವ ಜಿಲ್ಲೆ ನಮ್ಮದು ಎಂದು ಹೆಮ್ಮೆಪಡುವವಳು ನಾನು, ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತದೆ.

'ಹಾಗಾದರೆ ಎಲ್ಲ ಹಾಡೂ ಒಂದೇ ಅನ್ನುತ್ತೀಯಾ? ಮನ್ಸೂರರೂ ಡಿಜೆಯೂ ಒಂದೇನಾ?' ಎಂದು ಸ್ನೇಹಿತರು ಕೇಳುತ್ತಾರೆ. ಅಲ್ಲ. ಸುಳ್ಳು ಹೇಳಿದ ಪಾಪಕ್ಕೆ ನಾನು ಆಮೇಲೆ ಮನ್ಸೂರರನ್ನು ನಿಜವಾಗಿಯೂ ಕೇಳಿದೆ. ಮೊದಲ ಆರು ತಿಂಗಳು ಏನೂ ಹತ್ತಲಿಲ್ಲ. ಆಮೇಲೆ ಒಂದು ದಿನ ಹಾಸ್ಟೆಲ್ಲಿನ ಮಾಳಿಗೆಯಲ್ಲಿ ಬಟ್ಟೆ ಒಣಹಾಕುವಾಗ ಹತ್ತಿತು. ಈಗ ಬಿಡಲಾರೆ. ಆದರೆ ಮನ್ಸೂರರೇ ಚಿಕ್ಕಂದಿನಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿಕೊಂಡಿದ್ದವರು. ಗಂಗೂಬಾಯಿ ಹಾನಗಲ್ಲರು ತಾವು ಹುಡುಗಿಯಾಗಿದ್ದಾಗ ಗ್ರಾಮಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದುದನ್ನು, ಕೇಳಿದ್ದನ್ನು ಹಾಗೇ ಹಾಡಲು ನೋಡುತ್ತಿದ್ದುದನ್ನು ನೆನಪಿಸಿಕೊಂಡಿದ್ದಾರೆ. ಮನೆಯಲ್ಲಿ ತಾಯಿ ಅಂಬಾಬಾಯಿಯವರೇ ಹಾಡುಗಾರ್ತಿ, ಆದರೂ ಬೀದಿಗೆ ಓಡಿದ್ದನ್ನು ಅವರು ಮುಚ್ಚಿಡಲಿಲ್ಲ. ದೊಡ್ಡವರು ಬಿಚ್ಚಿ ಹೇಳಿದ್ದನ್ನು ಅವರ ಅಭಿಮಾನಿಗಳು ನಾಚಿಕೊಂಡು ಮುಚ್ಚುತ್ತಾರೆ.

ಇದರಲ್ಲಿ ಜಾತಿಯೂ ಇದೆ, ಅದನ್ನು ಹೇಳದೆ ಜಾರಿಕೊಳ್ಳಲು ನನಗೆ ಇಷ್ಟವಿಲ್ಲ. 'ಸಂಸ್ಕಾರವಿರುವ ಕಿವಿ' ಎಂಬ ಮಾತನ್ನು ನಾನು ಮೂರು ವಿಚಾರ ಸಂಕಿರಣಗಳಲ್ಲಿ ಕೇಳಿದ್ದೇನೆ. ಸಂಸ್ಕಾರ ಯಾರ ಮನೆಯಲ್ಲಿ ಆಗುತ್ತದೆ, ಯಾರ ಮನೆಯಲ್ಲಿ ಆಗುವುದಿಲ್ಲ ಎಂಬುದನ್ನು ನಮ್ಮ ಸಮಾಜ ಕಿವಿಯಿಂದ ತೀರ್ಮಾನಿಸಿಲ್ಲ. ಟೆಂಪೋ ಡ್ರೈವರನ ಮಗಳು ಸಂದರ್ಶನದಲ್ಲಿ ಮನ್ಸೂರರ ಹೆಸರು ಹೇಳಿದ್ದು ರಾಗದ ಪ್ರೀತಿಯಿಂದಲ್ಲ. ಆ ಕೋಣೆಯಲ್ಲಿ ತನಗೂ ಒಂದು ಕುರ್ಚಿ ಬೇಕೆಂದು.

ಮೆಮೊರಿ ಕಾರ್ಡಿನ ಕಾಲವನ್ನು ನಾನು ಹೊಗಳುತ್ತಲೂ ಇಲ್ಲ. ಅದು ಕಳ್ಳತನದ ಕಾಲ. ಅಂಗಡಿಯವನಿಗೆ ಸಂದ ಆ 20 ರೂಪಾಯಿಯಲ್ಲಿ ಹಾಡಿದವರಿಗೆ ಒಂದು ಪೈಸೆಯೂ ಹೋಗಲಿಲ್ಲ. ಹಣ ಮಾತ್ರವಲ್ಲ, ಹೆಸರೂ ಹೋಯಿತು. ಕ್ಯಾಸೆಟ್ಟಿನ ಕಾಗದದ ಮೇಲಿದ್ದ ಸಾಹಿತ್ಯ, ಸಂಗೀತ, ಗಾಯನ ಎಲ್ಲ ಅಳಿಸಿ, ಪರದೆಯ ಮೇಲೆ 'ಟ್ರ್ಯಾಕ್ 07' ಎಂದಷ್ಟೇ ಬರುತ್ತಿತ್ತು. ಸಾವಿರ ಹಾಡು ಬಾಯಿಪಾಠ, ಬರೆದವರು ಯಾರೆಂದು ಒಂದಕ್ಕೂ ಗೊತ್ತಿಲ್ಲ. ಹೆಸರು ಉಳಿಸಿಕೊಂಡವರು ಡಿಜೆಗಳು ಮಾತ್ರ, ಹಾಡಿನ ನಡುನಡುವೆ ತಮ್ಮ ಹೆಸರನ್ನು ತಾವೇ ಕೂಗಿಸಿಕೊಳ್ಳುತ್ತಿದ್ದರು. ಹಾಡಿನಲ್ಲಿ ಗುರುತು ಹಾಕುವುದಕ್ಕೆ ನಮ್ಮಲ್ಲಿ ಅಂಕಿತ ಎಂಬ ಗೌರವದ ಶಬ್ದವಿದೆ. ವಚನಕ್ಕೆ, ದಾಸರ ಪದಕ್ಕೆ ಅದು ಸಲ್ಲುತ್ತದೆ, ಡಿಜೆಯದು ಗಲಾಟೆ. (ಅಲ್ಲಿ ದೇವರ ಹೆಸರು, ಇಲ್ಲಿ ತನ್ನದೇ ಹೆಸರು ಎಂಬ ವ್ಯತ್ಯಾಸ ನನಗೂ ಗೊತ್ತಿದೆ, ಪತ್ರ ಬರೆಯಬೇಡಿ.) ಹೀಗೆ ಹೆಸರು ಕಳೆದುಕೊಂಡ ಹಾಡುಗಳನ್ನು ಯಾರಾದರೂ ಹುಡುಕಿ, ಹಾಡಿದವರು ಬದುಕಿರುವಾಗಲೇ ಅವರ ಹೆಸರಿಗೆ ಸೇರಿಸಬೇಕಿತ್ತು. ಅದು ಸಂಶೋಧಕರ ಕೆಲಸವಾಗಿತ್ತು. ಆ ಹಾಡು ಕೇಳಿ ಬೆಳೆದವರೇ ಈಗ ಸಂಶೋಧಕರಾಗಿ ಕೂತಿದ್ದೇವೆ. ನಾವು ಮಾತ್ರ ಇಲ್ಲದ ಅಜ್ಜನ ರೇಡಿಯೋ ಬಗ್ಗೆ ಬರೆಯುತ್ತಿದ್ದೇವೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಣ್ಣನ ಹಳೆಯ ಕಾರ್ಡು ಹುಡುಕಿದೆ. ಸಿಕ್ಕಿತು, ತೆರೆಯಲಿಲ್ಲ. ಆ ಮೊಬೈಲ್ ಅಂಗಡಿಗೆ ಜೀವನದಲ್ಲಿ ಮೊದಲ ಸಲ ನಾನೇ ಹೋದೆ. 2016ರಲ್ಲಿ ಜಿಯೋ ಬಂದ ಮೇಲೆ ಹಾಡು ತುಂಬಿಸುವವರು ಯಾರೂ ಬರಲಿಲ್ಲವಂತೆ. ಈಗ ಅಲ್ಲಿ ಜೆರಾಕ್ಸ್, ಆಧಾರ್ ಪ್ರಿಂಟು, ಬಸ್ ಟಿಕೆಟ್ಟು. ಹಳೇ ಕಂಪ್ಯೂಟರ್ ಏನಾಯಿತು ಎಂದು ಕೇಳಿದೆ.

'ಗುಜರಿಗೆ ಹಾಕಿದ್ನಿ ಅಕ್ಕಾ, ತೂಕಕ್ಕ. ಯಾವ ಹಾಡು ಬೇಕಾಗಿತ್ತು? ಯೂಟ್ಯೂಬಿನಾಗ ಸಿಗತೈತಲ್ಲ.'

ಹೆಸರು ಗೊತ್ತಿದ್ದರೆ ತಾನೇ ಹುಡುಕುವುದು? ಜೆರಾಕ್ಸಿಗೆ ನಿಂತಿದ್ದ ಇಬ್ಬರ ಎದುರು ನಾಚಿಕೆ ಬಿಟ್ಟು ಧಾಟಿ ಗುನುಗಿದೆ. ಅವನು ಕಾಗದ ಹಾಕುತ್ತಲೇ ತಲೆಯೆತ್ತದೆ ಮುಂದಿನ ನುಡಿ ಹಾಡಿದ, ನಾನು ಮರೆತೇಬಿಟ್ಟಿದ್ದ ನುಡಿ. ಯಾರು ಹಾಡಿದ್ದು ಎಂದರೆ ಅವನಿಗೂ ಗೊತ್ತಿಲ್ಲ, ರಾಣೆಬೆನ್ನೂರು ಕಡೆಯವರು ಇರಬೇಕು ಎಂದ. ಇನ್ನೊಮ್ಮೆ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಬ್ಯಾಗಿನಲ್ಲಿ ಕ್ಷೇತ್ರಕಾರ್ಯದ ಖಾಲಿ ನಮೂನೆ ಇತ್ತು. ವಕ್ತೃವಿನ ಹೆಸರು ಬರೆದೆ, ವಯಸ್ಸು 41 ಅಂದ, ಕಸುಬು ಮೊಬೈಲ್ ಅಂಗಡಿ. ಹಾಡಿನ ಪ್ರಕಾರ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಅವನನ್ನೇ ಕೇಳಿದೆ.

'ಫೀಲಿಂಗ್ ಅಂತ ಬರೀರಿ' ಅಂದ.