ಅರಿಸಿನ, ಕಿಣ್ವ ಮತ್ತು ಕಂಪ್ಯೂಟರ್

ಕಾಲು ಉಳುಕಿ ಊದಿಕೊಂಡರೆ ಅರಿಸಿನದ ಪಟ್ಟು ಹಾಕುವುದು ನಮ್ಮ ಮನೆಗಳ ಹಳೆಯ ರೂಢಿ. ಯುರೋಪಿನವರು ನೋವಿಗೆ ವಿಲೋ ಮರದ ತೊಗಟೆಯ ಕಷಾಯ ಕುಡಿಯುತ್ತಿದ್ದರು. ಆ ತೊಗಟೆಯ ಜಾಡು ಹಿಡಿದು ಹೊರಟವರು 1897ರಲ್ಲಿ ಜರ್ಮನಿಯಲ್ಲಿ ಶುದ್ಧ ಆಸ್ಪಿರಿನ್ ತಯಾರಿಸಿದರು. ಅದು ಕೆಲಸ ಮಾಡುವ ಬಗೆಯನ್ನು ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ.

ಗಾಯವಾದಾಗ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟಿ ಊತ, ನೋವು ತರುತ್ತವೆ. ಅವನ್ನು ತಯಾರಿಸುವ ಕಿಣ್ವಕ್ಕೆ ಚುಟುಕಾಗಿ ಕಾಕ್ಸ್ ಎಂದು ಹೆಸರು. ಇದರಲ್ಲಿ ಎರಡು ಬಗೆ. ಕಾಕ್ಸ್-1 ಜಠರದ ಒಳಪದರವನ್ನು ಕಾಯುತ್ತದೆ. ಉರಿಯೂತದಲ್ಲಿ ಹೆಚ್ಚುವುದು ಕಾಕ್ಸ್-2. ಆಸ್ಪಿರಿನ್ ಎರಡನ್ನೂ ತಡೆಯುತ್ತದೆ. ಹೊಟ್ಟೆಹುಣ್ಣಿನ ಭಯ ಅದರಿಂದಲೇ.

ಇವೆರಡರ ವ್ಯತ್ಯಾಸ ಬಲು ಸ್ವಾರಸ್ಯದ್ದು. ಸರಪಣಿಯ 523ನೇ ಸ್ಥಾನದಲ್ಲಿ ಕಾಕ್ಸ್-1ಕ್ಕೆ ಐಸೋಲ್ಯೂಸಿನ್, ಕಾಕ್ಸ್-2ಕ್ಕೆ ವ್ಯಾಲೀನ್. ವ್ಯಾಲೀನ್‌ನಲ್ಲಿ ಒಂದು ಇಂಗಾಲದ ಪರಮಾಣು ಕಡಿಮೆ, ಅಷ್ಟೇ! ಅಷ್ಟರಿಂದಲೇ ಪಕ್ಕದಲ್ಲೊಂದು ಪುಟ್ಟ ಗೂಡು ತೆರೆದುಕೊಳ್ಳುತ್ತದೆ. ಆ ಗೂಡಿಗೆ ಹೊಂದುವ ಅಣು ಸಿಕ್ಕರೆ ಕಾಕ್ಸ್-2ನ್ನು ಮಾತ್ರ ಕಟ್ಟಿಹಾಕಬಹುದು.

ಇಲ್ಲಿ ಕಂಪ್ಯೂಟರಿನ ಪ್ರವೇಶ. ಕ್ಷ-ಕಿರಣಗಳಿಂದ ತಿಳಿದ ಕಿಣ್ವದ ಆಕಾರವನ್ನಿಟ್ಟುಕೊಂಡು, ಸಸ್ಯಗಳ ಸಾವಿರಾರು ಅಣುಗಳನ್ನು ಒಂದೊಂದಾಗಿ ತಿರುಗಿಸಿ, ಬಳುಕಿಸಿ ಗೂಡಿನಲ್ಲಿ ಕೂರಿಸಿ ನೋಡುತ್ತದೆ. ಎಷ್ಟು ಬಿಗಿಯಾಗಿ ಕೂತೀತೆಂದು ಅಂಕ ಕೊಡುತ್ತದೆ. ಇದೇ ಡಾಕಿಂಗ್. ಸರಿಹೊಂದದಿದ್ದರೆ ಅಣುವಿನ ಒಂದು ಭಾಗ ತೆಗೆದು ಇನ್ನೊಂದು ಜೋಡಿಸಿ ಮತ್ತೆ ಪರೀಕ್ಷೆ. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾದವು ಕೆಲವೇ ಉಳಿಯುತ್ತವೆ.

ಆದರೆ ಅಂಕ ಬಂದ ಮಾತ್ರಕ್ಕೆ ಔಷಧವಾಗದು. ಅರಿಸಿನದ ಕರ್ಕ್ಯುಮಿನ್ನನ್ನೇ ನೋಡಿ. ಪರದೆಯ ಮೇಲೆ ಹಲವು ಕಿಣ್ವಗಳಿಗೆ ಸಲೀಸಾಗಿ ಹೊಂದುತ್ತದೆ. ದೇಹದಲ್ಲಿ ಕಥೆಯೇ ಬೇರೆ: ನೀರಿನಲ್ಲಿ ಕರಗುವುದು ಅತ್ಯಲ್ಪ, ಕರುಳಿನಿಂದ ರಕ್ತಕ್ಕೆ ಸೇರುವುದೂ ಅಲ್ಪ, ಸೇರಿದ್ದು ಬೇಗನೆ ರೂಪ ಬದಲಿಸುತ್ತದೆ. ಇದು ಔಷಧಕ್ಕೆ ಬುನಾದಿಯಾಗುವ ಸಂಭವ ಕಡಿಮೆ ಎಂದು ಅಮೆರಿಕದ ರಸಾಯನ ವಿಜ್ಞಾನಿಗಳು 2017ರಲ್ಲಿ ವಿವರವಾಗಿ ಬರೆದರು. ಹಾಗಾಗಿ ‘ಕಂಪ್ಯೂಟರಿನಿಂದ ಸಾಬೀತು’ ಎಂಬ ಮಾತು ನಂಬಿ ಕ್ಯಾಪ್ಸೂಲ್ ಕೊಳ್ಳುವ ಮುನ್ನ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವ ಹಿರಿಯರಿಗೆ ಕೊಡುವ ಮುನ್ನ, ವೈದ್ಯರನ್ನು ಕೇಳಿ. ಸಾರಿನ ಚಿಟಿಕೆ ಅರಿಸಿನಕ್ಕೆ ಈ ಆತಂಕ ಬೇಡ.

ಕಾಕ್ಸ್-2ನ್ನಷ್ಟೇ ತಡೆಯಲೆಂದು ಕೃತಕವಾಗಿ ತಯಾರಿಸಿದ ರೋಫೆಕಾಕ್ಸಿಬ್ 1999ರಲ್ಲಿ ಮಾರುಕಟ್ಟೆಗೆ ಬಂತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡು 2004ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಗೂಡಿಗೆ ಅದು ಸರಿಯಾಗಿಯೇ ಹೊಂದಿತ್ತು.

ಕಿಣ್ವಗಳ ಆಕಾರಗಳನ್ನು 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಉಚಿತವಾಗಿ ತೋರಿಸುತ್ತದೆ. ಅಮೈನೋ ಆಮ್ಲಗಳ ಪಾಠ ಮುಗಿಸಿದ ಪಿ.ಯು. ವಿದ್ಯಾರ್ಥಿಗಳು ಕಾಲೇಜಿನ ಕಂಪ್ಯೂಟರಿನಲ್ಲೇ ಎರಡೂ ಕಾಕ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ತಿರುಗಿಸಿ ನೋಡಬಹುದು.