ನೆರೆ ನಕ್ಷೆ ಹಳತಾದರೆ ನೀರು ಕಾಯುವುದೇ?

2025ರ ಮೇ 18ರ ರಾತ್ರಿ, ಮುಂಗಾರು ಕಾಲಿಡುವ ಮೊದಲೇ, ಬೆಂಗಳೂರಿನಲ್ಲಿ ನೂರು ಮಿಲಿಮೀಟರಿಗೂ ಅಧಿಕ ಮಳೆ ಸುರಿಯಿತು. ಕೆ.ಆರ್. ಪುರ ಕ್ಷೇತ್ರದ ಹೊರಮಾವಿನ ಸಾಯಿ ಲೇಔಟ್ ಮತ್ತೊಮ್ಮೆ ಮುಳುಗಿತು. ನಗರದಲ್ಲಿ ಗುರುತಿಸಲಾಗಿರುವ 210 ನೆರೆಪೀಡಿತ ಸ್ಥಳಗಳ ಪೈಕಿ ಹೆಚ್ಚಿನ ಕಡೆ ಸಮಸ್ಯೆ ಬಗೆಹರಿದಿದೆ ಎಂಬ ಲೆಕ್ಕವನ್ನು ಸರ್ಕಾರ ಅದೇ ವಾರ ಜನರ ಮುಂದಿಟ್ಟಿತು. ಲೆಕ್ಕ ಸುಳ್ಳೆಂದು ಹೇಳಬೇಕಾಗಿಲ್ಲ. ಆದರೆ ಇಂಥ ಪಟ್ಟಿ ದಾಖಲಿಸುವುದು ಹಿಂದೆ ನೀರು ನಿಂತ ಜಾಗಗಳನ್ನು. ಬರುವ ವರ್ಷ ಅದು ಎಲ್ಲಿ ನಿಲ್ಲಬಹುದೆಂಬುದನ್ನು ತಿಳಿಯಲು ಬೇರೆಯದೇ ದಾಖಲೆ ಬೇಕು.

ಪೂರ್ವ ಬೆಂಗಳೂರಿನ ನೀರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಕಂಟೋನ್ಮೆಂಟಿನ ದಿಣ್ಣೆಯ ಮೇಲೆ ಬಿದ್ದ ಮಳೆ ಹಲಸೂರು, ದೊಮ್ಮಲೂರುಗಳ ಕಡೆಯಿಂದ ಇಳಿದು ಚಲ್ಲಘಟ್ಟದ ಮೂಲಕ ಬೆಳ್ಳಂದೂರು ಕೆರೆಯನ್ನು ಸೇರುತ್ತದೆ. (ಚಲ್ಲಘಟ್ಟದ ಕೆರೆ ಈಗ ಗಾಲ್ಫ್ ಮೈದಾನ. ನೀರಿಗೆ ಆ ಸುದ್ದಿ ಯಾರೂ ತಿಳಿಸಿಲ್ಲ.) ಇನ್ನೊಂದು ದಾರಿ ಹೆಬ್ಬಾಳ, ನಾಗವಾರಗಳಿಂದ ಹೊರಮಾವಿಗೆ ಬಂದು, ಕಲ್ಕೆರೆಯನ್ನು ಹಾದು, ಎಲೆ ಮಲ್ಲಪ್ಪ ಶೆಟ್ಟಿ ಕೆರೆಯತ್ತ ಹೋಗುತ್ತದೆ. ಸಾಯಿ ಲೇಔಟ್ ಇರುವುದು ಈ ಎರಡನೆಯ ದಾರಿಯ ತಗ್ಗಿನಲ್ಲಿ. ಅಲ್ಲಿ ರೈಲುಹಳಿಯ ಕೆಳಗಿನ ಕಿರಿದಾದ ಮೋರಿಯಲ್ಲಿ ನುಗ್ಗಲಾರದ ನೀರು ಹಿಂದಕ್ಕೆ ತಿರುಗಿ ಮನೆಗಳನ್ನು ಹೊಗುತ್ತದೆ.

ಮೂವತ್ತು-ನಲವತ್ತರ ಒಂದು ನಿವೇಶನದ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 11,000 ಲೀಟರ್, ಎಂದರೆ ಎರಡು ಟ್ಯಾಂಕರಿನಷ್ಟು ನೀರು. ಹೊಲವಾಗಿದ್ದಾಗ ಆ ನೆಲ ಅದರಲ್ಲಿ ಒಂದು ಪಾಲನ್ನು ಕುಡಿಯುತ್ತಿತ್ತು, ಉಳಿದದ್ದನ್ನು ನಿಧಾನವಾಗಿ ಬಿಡುತ್ತಿತ್ತು. ತಾರಸಿ ಮತ್ತು ಕಾಂಕ್ರೀಟಿನ ಅಂಗಳ ಬಂದ ಮೇಲೆ ಬಹುತೇಕ ಎಲ್ಲವೂ ಕೆಲವೇ ನಿಮಿಷಗಳಲ್ಲಿ ಚರಂಡಿಗೆ ಇಳಿಯುತ್ತದೆ. ರಾಜಕಾಲುವೆಯ ಎರಡೂ ಬದಿಗೆ ಗೋಡೆ ಎಬ್ಬಿಸಿದರೆ ಹರಿವು ಇನ್ನೂ ಚುರುಕಾಗುತ್ತದೆ. ಹೀಗೆ ಮಳೆ ಹಿಂದಿನಷ್ಟೇ ಬಂದರೂ ನೆರೆಯ ಮಟ್ಟ ಮೇಲೇರುತ್ತದೆ. ನಾಗವಾರದಲ್ಲಿ ಒಂದು ಸಂಕೀರ್ಣಕ್ಕೆ ಮಂಜೂರಾತಿ ದೊರೆತ ದಿನವೇ ಹೊರಮಾವಿನ ನೆರೆಯ ಗೆರೆ ಒಂದಿಷ್ಟು ಸರಿಯಬೇಕು. ಆ ಗೆರೆಯನ್ನು ಸರಿಸುವ ಹೊಣೆ ಯಾವ ಅಧಿಕಾರಿಯದು?

ನಮ್ಮಲ್ಲಿ ನೆರೆ ಬಂದೊಡನೆ ತೆರೆಯುವುದು ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು. 2016ರಲ್ಲಿಯೂ 2022ರಲ್ಲಿಯೂ ಒತ್ತುವರಿ ತೆರವಿನ ಜೆಸಿಬಿಗಳು ಅದನ್ನು ಹಿಡಿದೇ ಹೊರಟವು. ಅದು ಅಮೂಲ್ಯ ದಾಖಲೆಯೇ ಸರಿ. 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ, ಕಳೆದ ಶತಮಾನದ ಆರಂಭದಲ್ಲಿ 113.24 ಕಿ.ಮೀ. ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳು 2016–17ರ ವೇಳೆಗೆ 62.84 ಕಿ.ಮೀ.ಗೆ ಇಳಿದಿದ್ದವು. ಈ ನಷ್ಟವನ್ನು ಅಳೆಯಲು ಹಳೆಯ ನಕ್ಷೆ ಬೇಕೇ ಬೇಕು. ಆದರೆ ಕಾಲುವೆ ಎಲ್ಲಿತ್ತು, ಎಷ್ಟು ಅಗಲವಿತ್ತು ಎಂಬುದಷ್ಟೇ ಅದರಲ್ಲಿದೆ. ಇಂದು ಅದಕ್ಕೆ ಎಷ್ಟು ನೀರು ಬರುತ್ತದೆ ಎಂಬುದಿಲ್ಲ. ಒಂದಂಗುಲವನ್ನೂ ಒತ್ತುವರಿ ಮಾಡದ, ಎಲ್ಲ ಕಾಗದಪತ್ರಗಳೂ ನೆಟ್ಟಗಿರುವ ಮನೆಯೂ ಮುಳುಗುವುದು ಇದಕ್ಕಾಗಿಯೇ.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೆರೆ ವಿಮೆಗೆ ಒಳಪಟ್ಟ ಊರು, ನಿರ್ಮಾಣದಿಂದ ನೆರೆಯ ಮಟ್ಟ ಬದಲಾದರೆ, ಆ ಮಾಹಿತಿಯನ್ನು ಆರು ತಿಂಗಳೊಳಗೆ ಸಂಬಂಧಪಟ್ಟ ಸಂಸ್ಥೆಗೆ ಸಲ್ಲಿಸಬೇಕು. ನಕ್ಷೆಯ ತಿದ್ದುಪಡಿ ಅದರ ಮೇಲೆ ನಿಂತಿದೆ. ಅಲ್ಲಿಯ ನಕ್ಷೆಗಳೂ ಎಷ್ಟೋ ಕಡೆ ಹಳತಾಗಿವೆ ಎಂಬುದು ಬೇರೆ ಮಾತು. ಉತ್ತರ ಕೆರೊಲಿನಾದ ಮೆಕ್ಲೆನ್‌ಬರ್ಗ್ ಕೌಂಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳ್ಳದ ಮೇಲ್ಭಾಗದಲ್ಲಿ ಕಟ್ಟಲು ಅವಕಾಶವಿರುವುದೆಲ್ಲ ಕಟ್ಟಿಯಾದ ಮೇಲೆ ನೀರು ಎಲ್ಲಿಯವರೆಗೆ ಬಂದೀತೆಂದು ಲೆಕ್ಕಹಾಕಿ ನಕ್ಷೆ ಬರೆಯಿತು. ದಿನಕ್ಕೊಂದು ಕಟ್ಟಡ ಏಳುವ ಬೆಂಗಳೂರಿಗೆ ಬೇಕಾದದ್ದು ಇಂಥ ನಕ್ಷೆ.

ಇದಕ್ಕೆ ವಿದ್ಯೆಯ ಕೊರತೆ ನಮಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಗಳು ಸೇರಿ ನಗರದ ನೆರೆ ಮುನ್ಸೂಚನೆಯ ಮಾದರಿ ರೂಪಿಸಿವೆ. 2020ರಲ್ಲಿ 'ಮೇಘ ಸಂದೇಶ' ಆ್ಯಪ್ ಕೂಡ ಬಂತು. ಮಳೆಯ ರಾತ್ರಿ ಎಚ್ಚರಿಸುವ ಈ ವಿದ್ಯೆ ಕಟ್ಟಡಕ್ಕೆ ಅನುಮತಿ ನೀಡುವ ಮೇಜಿಗೂ ಬರಬೇಕು.

ಬಹಿರಂಗ ನಕ್ಷೆಗೆ ಎದುರಾಗುವ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಜೀವಮಾನದ ಉಳಿತಾಯ ಸುರಿದು ತಗ್ಗಿನಲ್ಲಿ ಮನೆ ಕಟ್ಟಿಕೊಂಡವನ ಆಸ್ತಿಗೆ ಕೆಂಪು ಬಣ್ಣ ಬಳಿದರೆ ಬೆಲೆ ಕುಸಿಯುತ್ತದೆ, ಸಾಲ ಸಿಗುವುದು ಕಷ್ಟವಾಗುತ್ತದೆ. ತಪ್ಪು ಮೇಲಿನವರದು, ದಂಡ ಕೆಳಗಿನವನಿಗೆ. ಆದ್ದರಿಂದ ನಕ್ಷೆಯಲ್ಲಿ ಎರಡು ಬಣ್ಣಗಳಿರಬೇಕು: ನೀರು ನಿಲ್ಲುವ ಜಾಗಕ್ಕೊಂದು, ಆ ನೀರನ್ನು ಕಳುಹಿಸುವ ಜಾಗಕ್ಕೊಂದು. ಎರಡನೆಯ ಬಣ್ಣದಲ್ಲಿ ಕಟ್ಟುವವರು ತಮ್ಮ ಮಳೆನೀರನ್ನು ತಮ್ಮ ಆವರಣದಲ್ಲೇ ತಡೆಯಬೇಕು. ತಡೆಯಲಾಗದಿದ್ದರೆ ಕೆಳಗಿನ ಕಾಲುವೆಯ ಖರ್ಚಿನಲ್ಲಿ ಪಾಲು ಕೊಡಬೇಕು. ಮುಚ್ಚಿಟ್ಟರೆ ಬೆಲೆ ಉಳಿಯುವುದು ಮುಂದಿನ ಮಳೆಯವರೆಗೆ ಮಾತ್ರ, ಮತ್ತು ಆಗ ಮೋಸಹೋಗುವವನು ಅಷ್ಟರಲ್ಲಿ ಅದನ್ನು ಕೊಂಡವನು.

ಒಂದು ಹೊಸ ತೊಡಕೂ ಇದೆ. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಯಿತು. ಹೆಬ್ಬಾಳ, ನಾಗವಾರಗಳು ಉತ್ತರ ಪಾಲಿಕೆಗೆ ಸೇರಿದವು, ಹೊರಮಾವು, ಕೆ.ಆರ್. ಪುರ ಪೂರ್ವ ಪಾಲಿಕೆಗೆ. ನೀರು ಕಳುಹಿಸುವವರು ಒಬ್ಬರು, ಮುಳುಗುವವರು ಇನ್ನೊಬ್ಬರು, ಮೋರಿ ರೈಲ್ವೆಯವರದು. ಆ ಮೋರಿ ಅಗಲವಾಗಲೇಬೇಕು, ನಿಜ. ಅಗಲವಾದ ದಿನ ಅದೇ ನೀರು ಇನ್ನಷ್ಟು ವೇಗವಾಗಿ ಕಲ್ಕೆರೆಯನ್ನು ತಲುಪುತ್ತದೆ; ಆಗ ಅಲ್ಲಿನ ನೆರೆಯ ಗೆರೆಯನ್ನು ಹೊಸದಾಗಿ ಎಳೆಯಬೇಕು. ಗ್ರೇಟರ್ ಬೆಂಗಳೂರು ಪ್ರಾಧಿಕಾರವು ನಕ್ಷೆಯನ್ನು ಪಾಲಿಕೆಗಳ ಗಡಿ ಬಿಟ್ಟು ಕಣಿವೆವಾರು ತಯಾರಿಸಲಿ. ಅದಾಗುವವರೆಗೆ, ಉತ್ತರ ಪಾಲಿಕೆ ಮಂಜೂರು ಮಾಡುವ ಪ್ರತಿ ದೊಡ್ಡ ಕಟ್ಟಡದ ಯೋಜನೆಯ ಒಂದು ಪ್ರತಿಯಾದರೂ ಪೂರ್ವ ಪಾಲಿಕೆಯ ರಾಜಕಾಲುವೆ ಎಂಜಿನಿಯರರ ಮೇಜಿಗೆ, ತಳಪಾಯ ತೋಡುವ ಮೊದಲೇ, ತಲುಪಲಿ.